ಎಣಿಕೆಯನ್ನು ನಡುವೆ ನಿಲ್ಲಿಸುವುದು ಹೇಗೆ?

ಹತ್ತು ಬೀಗದ ಕೈಗಳ ಗೊಂಚಲನ್ನು ಹಿಡಿದು ಬಾಗಿಲ ಮುಂದೆ ನಿಂತವನು ಒಂದೊಂದನ್ನೇ ಬೀಗಕ್ಕೆ ಹಾಕಿ ನೋಡುತ್ತಾನೆ. ಮೂರನೆಯದು ತಿರುಗಿತೆಂದರೆ ಉಳಿದ ಏಳನ್ನು ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ನಮಗೆ ಸಹಜವಾದ ಈ ನಡತೆಯನ್ನು ಗಣಕಯಂತ್ರಕ್ಕೆ ಮಾತ್ರ ಬಿಡಿಸಿ ಹೇಳಬೇಕಾಗುತ್ತದೆ.

1001 ಅವಿಭಾಜ್ಯ ಸಂಖ್ಯೆಯೇ ಎಂದು ತಿಳಿಯಬೇಕಾಗಿದೆಯೆನ್ನೋಣ. 2ರಿಂದ 1000ದವರೆಗಿನ ಪ್ರತಿಯೊಂದು ಸಂಖ್ಯೆಯಿಂದಲೂ ಭಾಗಿಸುತ್ತ ಹೋದರೆ 999 ಭಾಗಾಕಾರಗಳಾಗುತ್ತವೆ. ಆದರೆ ಆರನೆಯ ಪ್ರಯತ್ನದಲ್ಲಿಯೇ, ಅಂದರೆ 7ರಲ್ಲಿ, ಶೇಷ ಸೊನ್ನೆಯಾಗಿ ಉತ್ತರ ತಿಳಿದುಹೋಗುತ್ತದೆ. ಉಳಿದ 993 ಭಾಗಾಕಾರಗಳು ವ್ಯರ್ಥಶ್ರಮ. ಮಾಡಿದ ಕೆಲಸವನ್ನೇ ಮರಳಿ ಮರಳಿ ಮಾಡುವ ಇಂಥ ಆವರ್ತನೆಗೆ ಲೂಪ್ ಎಂದು ಹೆಸರು. 1970ರ ದಶಕದ ಆರಂಭದಲ್ಲಿ ರೂಪುಗೊಂಡ ಸಿ ಮುಂತಾದ ಭಾಷೆಗಳಲ್ಲಿ ಲೂಪಿನಿಂದ ಹೊರಬೀಳಲು 'ಬ್ರೇಕ್' ಎಂಬ ಆಜ್ಞೆಯುಂಟು.

ಹ್ಯಾಸ್ಕೆಲ್ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿ ಈ ಆಜ್ಞೆಯನ್ನು ಹುಡುಕಿ ಬರಿಗೈಯಲ್ಲಿ ಮರಳುತ್ತಾನೆ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರ್ರಿ ಅವರ ಹೆಸರನ್ನು ಹೊತ್ತು 1990ರಲ್ಲಿ ಹೊರಬಂದ ಈ ಭಾಷೆಯಲ್ಲಿ ಕ್ರಮವಿಧಿಯೆಂದರೆ ಆಜ್ಞೆಗಳ ಪಟ್ಟಿಯಲ್ಲ. ಗಣಿತದಲ್ಲಿರುವಂತೆ ಫಲನಗಳ, ಅಂದರೆ ಫಂಕ್ಷನ್ನುಗಳ, ಜೋಡಣೆ. ಪ್ರತಿಯೊಂದು ಉಕ್ತಿಗೂ ಒಂದು ಬೆಲೆಯಿರಲೇಬೇಕು. 'ಬ್ರೇಕ್' ಎಂಬುದರ ಬೆಲೆ ಎಷ್ಟು? ಅದಕ್ಕೆ ಉತ್ತರವಿಲ್ಲ, ಆದುದರಿಂದ ಅದಕ್ಕೆ ಸ್ಥಾನವೂ ಇಲ್ಲ.

ಹಾಗಾದರೆ ನಿಲ್ಲುವುದೆಂತು? ಇಲ್ಲಿ ಆವರ್ತನೆಯ ಕೆಲಸವನ್ನು ತನ್ನನ್ನೇ ಕರೆದುಕೊಳ್ಳುವ ಫಲನವು ಮಾಡುತ್ತದೆ. 'ಕನಿಷ್ಠ ಭಾಜಕ'ವೆಂಬ ಫಲನವನ್ನು ಹೀಗೆ ನಿರೂಪಿಸೋಣ: ಕೊಟ್ಟ ಭಾಜಕದಿಂದ ಸಂಖ್ಯೆಯು ನಿಶ್ಶೇಷವಾಗಿ ಭಾಗವಾದರೆ, ಬೆಲೆ ಆ ಭಾಜಕವೇ, ಇಲ್ಲವಾದರೆ, ಭಾಜಕವನ್ನು ಒಂದು ಹೆಚ್ಚಿಸಿದಾಗ ಇದೇ ಫಲನಕ್ಕೆ ಬರುವ ಬೆಲೆ. 1001ರೊಡನೆ 2ನ್ನು ಕೊಟ್ಟರೆ ಅದು 3ಕ್ಕೆ ಹೋಗುತ್ತದೆ, ಅಲ್ಲಿಂದ 4ಕ್ಕೆ. 7ಕ್ಕೆ ಬಂದಾಗ ಮತ್ತೆ ಕರೆಯುವ ಮಾತೇ ಇಲ್ಲ. ಯಾರೂ ಅದನ್ನು ತಡೆದು ನಿಲ್ಲಿಸಲಿಲ್ಲ. ಮುಂದುವರಿಯಲು ಕಾರಣವಿಲ್ಲದೆ ಅದು ನಿಂತಿತು.

ತೊಡಕು ಹುಟ್ಟುವುದು ಬೇರೆಡೆ. ಪಟ್ಟಿಯ ಅಂಶಗಳನ್ನೆಲ್ಲ ಮಡಿಸಿ ಒಂದೇ ಬೆಲೆಗೆ ಇಳಿಸಲು 'ಫೋಲ್ಡ್' ಎಂಬ ಸಿದ್ಧ ಫಲನಗಳಿವೆ. ಹೊಸಬರಿಗೆ ಇವುಗಳ ಮೇಲೆ ಬಹಳ ಪ್ರೀತಿ. ಪಟ್ಟಿಯೊಂದರ ಸಂಖ್ಯೆಗಳ ಗುಣಲಬ್ಧ ಬೇಕೆನ್ನಿ. ನಡುವೆ ಒಂದು ಸೊನ್ನೆ ಸಿಕ್ಕರೆ ಉತ್ತರ ಸೊನ್ನೆಯೇ. ಆದರೂ ಎಡದಿಂದ ಮಡಿಸುವ ಫೋಲ್ಡ್, ಪಟ್ಟಿಯ ಕೊನೆಯನ್ನು ಮುಟ್ಟುವ ತನಕ ಯಾವ ಬೆಲೆಯನ್ನೂ ಹಿಂದಿರುಗಿಸುವಂತಿಲ್ಲ. ಅದರ ನಿರೂಪಣೆಯೇ ಹಾಗಿದೆ. ಹತ್ತು ಸಂಖ್ಯೆಗಳಲ್ಲಿ ಈ ದೋಷ ಗೊತ್ತಾಗದು. ಆದರೆ ಹ್ಯಾಸ್ಕೆಲ್‌ನಲ್ಲಿ ಕೊನೆಯಿಲ್ಲದ ಪಟ್ಟಿಗಳನ್ನೂ ಬರೆಯಬಹುದು. ಅಂಥ ಪಟ್ಟಿಯಲ್ಲಿ ಎಡ ಫೋಲ್ಡ್ ಸೊನ್ನೆಯನ್ನು ದಾಟಿಯೂ ನಡೆಯುತ್ತಲೇ ಇರುತ್ತದೆ, ಎಂದಿಗೂ ಮರಳುವುದಿಲ್ಲ.

ಬಲದಿಂದ ಮಡಿಸುವ ಫೋಲ್ಡ್ ಹಾಗಲ್ಲ. ಅದು ಮೊದಲ ಅಂಶವನ್ನೂ 'ಉಳಿದುದರ ಫಲ'ವನ್ನೂ ನಾವು ಬರೆದ ಫಲನದ ಕೈಗೆ ಒಪ್ಪಿಸುತ್ತದೆ. ಹ್ಯಾಸ್ಕೆಲ್ ಸೋಮಾರಿ ಭಾಷೆ (ಇದು ಬೈಗುಳವಲ್ಲ, ಪಾರಿಭಾಷಿಕ ಪದ): ಬೇಕೆಂದು ಕೇಳುವವರೆಗೆ ಯಾವುದನ್ನೂ ಲೆಕ್ಕ ಹಾಕದು. ಆದುದರಿಂದ 'ಮೊದಲ ಅಂಶ ಸೊನ್ನೆಯಾದರೆ ಸೊನ್ನೆ. ಇಲ್ಲವಾದರೆ ಉಳಿದುದರ ಫಲದೊಡನೆ ಅದರ ಗುಣಲಬ್ಧ' ಎಂದು ಬರೆದರೆ, ಸೊನ್ನೆ ಕಂಡೊಡನೆ ಉಳಿದುದನ್ನು ಕೇಳುವವರೇ ಇಲ್ಲ. ಬರಿಯ ಗುಣಾಕಾರವನ್ನು ಕೊಟ್ಟರೆ ಸಾಲದು; ಅದು ಎರಡು ಬದಿಯ ಬೆಲೆಗಳನ್ನೂ ಕೇಳಿಯೇ ತೀರುತ್ತದೆ. ಈ ಉಪಾಯಕ್ಕೆ ತೆರಬೇಕಾದುದೂ ಉಂಟು: ಸೊನ್ನೆಯೇ ಇಲ್ಲದ ಉದ್ದನೆಯ ಪಟ್ಟಿಯಲ್ಲಿ, ಮುಗಿಯದೆ ಕಾದಿರುವ ಗುಣಾಕಾರಗಳು ಯಂತ್ರದ ಸ್ಮೃತಿಯಲ್ಲಿ ರಾಶಿಬೀಳುತ್ತವೆ.

ಕ್ಲೋಜರ್ ಭಾಷೆಯ 'ರೆಡ್ಯೂಸ್' ಎಡ ಫೋಲ್ಡಿನ ಜಾತಿಯದು. 2013ರಲ್ಲಿ ಬಂದ ಅದರ 1.5ನೆಯ ಆವೃತ್ತಿಯಲ್ಲಿ 'ರೆಡ್ಯೂಸ್ಡ್' ಎಂಬ ಲಕೋಟೆಯೊಂದು ಸೇರಿತು. ಬೆಲೆಯನ್ನು ಅದರೊಳಗಿಟ್ಟು ಕೊಟ್ಟರೆ, ರೆಡ್ಯೂಸ್ ಲಕೋಟೆಯನ್ನು ಬಿಚ್ಚಿ, ಒಳಗಿರುವುದನ್ನೇ ಉತ್ತರವಾಗಿ ಹಿಂದಿರುಗಿಸಿ ವಿರಮಿಸುತ್ತದೆ. ಓಕ್ಯಾಮಲ್ ಭಾಷೆಯಲ್ಲಿ ಎಕ್ಸೆಪ್ಷನ್ ಎಸೆದು ಹೊರಬೀಳುವವರೂ ಉಂಟು. ನಮಗೆ ಲಕೋಟೆಯೇ ಮೇಲೆಂದು ತೋರುತ್ತದೆ. ನಿಲ್ಲಬೇಕೆಂಬ ಸಂಗತಿ ಅಲ್ಲಿ ಬೆಲೆಯಲ್ಲಿಯೇ ಬರೆದಿರುತ್ತದೆ.

ಕನಿಷ್ಠ ಭಾಜಕದ ಫಲನಕ್ಕೆ ವಾಚಕರು 997ನ್ನು ಕೊಟ್ಟು ನೋಡಬಹುದು. ಅದು ಅವಿಭಾಜ್ಯವಾದುದರಿಂದ ಫಲನವು 996 ಸಲ ಭಾಗಿಸಿ, 997ರಲ್ಲಿಯೇ ನಿಲ್ಲುತ್ತದೆ. ಭಾಜಕದ ವರ್ಗವು ಸಂಖ್ಯೆಯನ್ನು ಮೀರಿದರೆ ಸಂಖ್ಯೆಯೇ ಉತ್ತರವೆಂಬ ಇನ್ನೊಂದು ನಿಬಂಧನೆಯನ್ನು ಮೊದಲಿಗೆ ಸೇರಿಸಿದರೆ, 32ರ ವರ್ಗ 1024 ಆದುದರಿಂದ, 2ರಿಂದ 31ರವರೆಗಿನ 30 ಭಾಗಾಕಾರಗಳಲ್ಲಿಯೇ ಕೆಲಸ ಮುಗಿಯುತ್ತದೆ.