ಹಂದಿಗೋಡು ಕಾಯಿಲೆ: ಕ್ಷ-ಕಿರಣ ಚಿತ್ರದ ಸಾಕ್ಷ್ಯ

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಕೀಲುಬೇನೆಗೆ ಗದ್ದೆಯ ಏಡಿ ಹಾಗೂ ಅದರೊಳಗೆ ಸೇರಿದ ಕೀಟನಾಶಕವೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಬಡ ಕೃಷಿಕಾರ್ಮಿಕರ ಊಟದ ತಟ್ಟೆಯ ಮೇಲೆಯೇ ಆರೋಪ ಬಿದ್ದಿತ್ತೆನ್ನಬಹುದು. ಕ್ಷ-ಕಿರಣ ಚಿತ್ರಗಳು ಬೇರೆಯದನ್ನೇ ತೋರಿದವು. ರೋಗಿಗಳಲ್ಲಿ ತೊಡೆಮೂಳೆಯ ತಲೆ ದುಂಡಾಗಿ ಬೆಳೆಯದೆ ಚಪ್ಪಟೆಯಾಗಿ, ಸೊಂಟದ ಕೀಲಿನ ಸಂದು ಕಿರಿದಾಗಿರುತ್ತದೆ. ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿ ಮುಂಡ ಗಿಡ್ಡವಾಗುತ್ತದೆ. ತೀವ್ರ ರೂಪದಲ್ಲಿ ಕುಬ್ಜತೆ ಕಾಣುತ್ತದೆ. ಅಂದರೆ ಕೀಲು ಸವೆಯುವುದಕ್ಕೆ ಬಹುಮೊದಲೇ, ಬೆಳೆಯುವ ವಯಸ್ಸಿನಲ್ಲಿ, ಮೂಳೆತುದಿಯ ಮೃದ್ವಸ್ಥಿ ಗಟ್ಟಿಮೂಳೆಯಾಗುವ ಕ್ರಮದಲ್ಲಿಯೇ ದೋಷವಿದೆ. 1994ರಲ್ಲಿ ಪ್ರಕಟವಾದ ವಿಕಿರಣಶಾಸ್ತ್ರೀಯ ಅಧ್ಯಯನವೊಂದು ಇದನ್ನು ಪ್ರಬಲ ಗುಣವಾಗಿ ವಂಶಾನುಗತವಾಗುವ ಅಸ್ಥಿವಿಕಾರದ ಹೊಸ ಬಗೆಯೆಂದು ಗುರುತಿಸಿತು. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಆ ಮಗು ಏಡಿ ತಿಂದಿರಲಿ, ಬಿಟ್ಟಿರಲಿ.