ರಝಾ ಇಟ್ಟ ಚುಕ್ಕಿ

ಕ್ಯಾನ್ವಾಸ್ ನಡುವೆ ಒಂದು ದೊಡ್ಡ ಕಪ್ಪು ಚುಕ್ಕಿ. ಇಷ್ಟೇನಾ ಚಿತ್ರ ಅಂತೀರಾ? ಸ್ವಲ್ಪ ನಿಲ್ಲಿ.

ಇದು ಚಿತ್ರಕಲಾವಿದ ಸೈಯದ್ ಹೈದರ್ ರಝಾ ಅವರ ‘ಬಿಂದು’. 1922ರಲ್ಲಿ ಮಧ್ಯಪ್ರದೇಶದ ಕಾಡುಸೀಮೆಯಲ್ಲಿ ಹುಟ್ಟಿದವರು. ಶಾಲೆಯಲ್ಲಿ ಹುಡುಗನ ಮನಸ್ಸು ಒಂದೆಡೆ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಗೋಡೆಗೊಂದು ಚುಕ್ಕಿ ಇಟ್ಟು, ಇದನ್ನೇ ನೋಡ್ತಾ ಕೂರು ಅಂದರು.

1950ರಲ್ಲಿ ರಝಾ ಪ್ಯಾರಿಸ್‌ಗೆ ಹೋದರು. ಮೊದಲು ಬರೆದದ್ದು ಊರು, ಮನೆ, ಚರ್ಚು. ಬರಬರುತ್ತಾ ಆಕಾರ ಕರಗಿತು, ಬಣ್ಣ ಉಳಿಯಿತು. ಕೊನೆಗೆ ಆ ಹಳೇ ಚುಕ್ಕಿಯೇ ಮರಳಿ ಬಂತು.

ರಝಾಗೆ ಕಪ್ಪು ಅಂದರೆ ಕತ್ತಲಲ್ಲ, ಎಲ್ಲ ಬಣ್ಣಗಳ ತಾಯಿ. ಅದರ ಸುತ್ತ ತ್ರಿಕೋನ, ಚೌಕ. ಕಪ್ಪಿನ ಜೊತೆ ಕೆಂಪು, ಹಳದಿ, ನೀಲಿ, ಬಿಳಿ ಸೇರಿದರೆ ಪಂಚಭೂತಗಳ ಲೆಕ್ಕ ಪೂರ್ತಿ.

ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಇಡುವವರಿಗೆ ಇದು ಹೊಸದೇನಲ್ಲ. ಮೊದಲು ಚುಕ್ಕಿ, ಆಮೇಲೆ ಗೆರೆ.