ಗೇರಿನ ಕಾರಿಗೆ ರಿಮೋಟ್ ಸ್ಟಾರ್ಟ್: ಕೆಟ್ಟಿದೆಯೋ, ಕಾಯುತ್ತಿದೆಯೋ?

ಮುಂಬಯಿಯ ಧಾರಾವಿಯ 90 ಫೀಟ್ ರಸ್ತೆಯಲ್ಲಾಗಲಿ 60 ಫೀಟ್ ರಸ್ತೆಯಲ್ಲಾಗಲಿ, ನಿಂತ ಕಾರಿಗೂ ನಡೆದುಹೋಗುವ ಜನಕ್ಕೂ ನಡುವೆ ಗೇಣು ಜಾಗ ಉಳಿದರೆ ಹೆಚ್ಚು. ಎರಡು ಚದರ ಕಿಲೋಮೀಟರಿಗಿಂತ ತುಸು ದೊಡ್ಡದಾದ ಈ ಪ್ರದೇಶದಲ್ಲಿ ಲಕ್ಷಗಟ್ಟಲೆ ಜನ ಬದುಕುತ್ತಾರೆ. ಅಂಗಡಿಯ ಮೆಟ್ಟಿಲು, ಕೈಗಾಡಿ, ಶಾಲೆ ಬಿಟ್ಟು ಬರುವ ಮಕ್ಕಳು, ಎಲ್ಲವೂ ಬಂಪರಿನ ಮುಂದೆಯೇ. ಇಂಥ ಕಡೆ ನಿಲ್ಲಿಸುವ ಮ್ಯಾನುಯಲ್ ಗೇರಿನ ಕಾರಿಗೆ ಹೊರಗಿನಿಂದ ಹಾಕಿಸಿದ ರಿಮೋಟ್ ಸ್ಟಾರ್ಟ್ ಕಿಟ್ ಒಂದು ದಿನ ಹಟ ಹಿಡಿಯುತ್ತದೆ. ಗುಂಡಿ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ. ಕಿಟ್ ಕೆಟ್ಟಿತು ಎಂದು ತೀರ್ಮಾನಿಸುವವರೇ ಬಹಳ. ಆದರೆ ಇಂಥ ಎಷ್ಟೋ ಸಂದರ್ಭಗಳಲ್ಲಿ ಕಿಟ್ ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ: ಗೇರು ನ್ಯೂಟ್ರಲ್‌ನಲ್ಲಿದೆ ಎಂಬ ಖಾತ್ರಿ ಸಿಗದೆ ಸೆಲ್ಫ್ ಹೊಡೆಯಲು ಒಪ್ಪುತ್ತಿಲ್ಲ. ಹಾಗಾಗಿ ಆ ಖಾತ್ರಿ ಎಲ್ಲಿ ತಪ್ಪಿತು ಎಂದು ಹುಡುಕುವುದೇ ಇಲ್ಲಿ ರಿಪೇರಿ.

ಆಟೊಮ್ಯಾಟಿಕ್ ಕಾರಿನಲ್ಲಿ ಲಿವರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್ ಮೋಟರಿಗೆ ಕರೆಂಟೇ ಹೋಗದಂತೆ ಕಂಪನಿಯವರು ಸ್ವಿಚ್ ಇಟ್ಟಿರುತ್ತಾರೆ. ಮ್ಯಾನುಯಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಲಚ್ ಪೆಡಲಿನ ಸ್ವಿಚ್. ಹಳೆಯ ಎಷ್ಟೋ ಮಾದರಿಗಳಲ್ಲಿ ಅದೂ ಇಲ್ಲ. ಕಿಟ್‌ಗೆ ಕ್ಲಚ್ ತುಳಿಯಲು ಕಾಲಿಲ್ಲ. ಆದ್ದರಿಂದ ಕೂರಿಸುವಾಗಲೇ ಆ ಸ್ವಿಚ್ಚಿಗೆ ಅಡ್ಡದಾರಿ ಮಾಡಬೇಕಾಗುತ್ತದೆ, ಅಂದರೆ ಕಂಪನಿ ಕೊಟ್ಟ ಒಂದೇ ಕಾವಲು ಅಲ್ಲಿಗೆ ಹೋಯಿತು. ಆಮೇಲೆ ಏನಾಗಬಹುದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಸಣ್ಣ ಕಾರಿನ ಸೆಲ್ಫ್ ಮೋಟರ್ ಸುಮಾರು 1 ಕಿಲೋವ್ಯಾಟ್‌ನದು. ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ 14 ಸುತ್ತು ತಿರುಗಿದರೆ ಚಕ್ರ ಹೆಚ್ಚು ಕಡಿಮೆ ಒಂದು ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಎರಡೇ ಸೆಕೆಂಡಿನ ಸೆಲ್ಫಿಗೆ ಕಾರು ಮುಕ್ಕಾಲು ಮೀಟರ್ ಮುಂದೆ ಬಂದಿರುತ್ತದೆ. ಎಂಜಿನ್ ಹತ್ತಿಕೊಂಡರೆ ಐಡ್ಲಿಂಗ್‌ನಲ್ಲೇ ಗಂಟೆಗೆ 6 ಕಿಲೋಮೀಟರ್ ವೇಗ, ಅಂದರೆ ಚುರುಕಾಗಿ ನಡೆಯುವವರ ವೇಗ. ಸ್ಟೀರಿಂಗ್ ಹಿಂದೆ ಯಾರೂ ಇರುವುದಿಲ್ಲ. ಧಾರಾವಿಯ ಕೆಲವು ಗಲ್ಲಿಗಳ ಅಗಲವೇ ಮುಕ್ಕಾಲು ಮೀಟರ್ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಕಳೆದುಕೊಂಡ ಕಾವಲನ್ನು ಒಳ್ಳೆಯ ಕಿಟ್ ಬಹಳ ಜಾಣತನದಿಂದ ವಾಪಸು ತರುತ್ತದೆ. ಕಾರು ನಿಲ್ಲಿಸಿದವರು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಕೀ ತೆಗೆಯಬೇಕು. ಎಂಜಿನ್ ಓಡುತ್ತಲೇ ಇರುತ್ತದೆ. ಇಳಿದು, ಬಾಗಿಲು ಹಾಕಿ, ಲಾಕ್ ಮಾಡಿದ ಮೇಲೆ ಕಿಟ್ ತಾನೇ ಅದನ್ನು ನಿಲ್ಲಿಸುತ್ತದೆ. ಕ್ಲಚ್ ಮೇಲೆ ಕಾಲಿಲ್ಲದೆ, ಒಳಗೆ ಯಾರೂ ಇಲ್ಲದೆ, ನಿಂತಲ್ಲೇ ಎಂಜಿನ್ ಓಡಿತು ಎಂದರೆ ಗೇರು ನ್ಯೂಟ್ರಲ್‌ನಲ್ಲಿ ಇರಲೇಬೇಕು. ಆಮೇಲೆ ಯಾವ ಬಾಗಿಲು ತೆರೆದರೂ, ಹ್ಯಾಂಡ್‌ಬ್ರೇಕ್ ಇಳಿಸಿದರೂ ಆ ಸಾಕ್ಷ್ಯ ರದ್ದು. ರಿಮೋಟ್ ಒತ್ತಿದರೆ ಕಿಟ್ ಸ್ಟಾರ್ಟ್ ಮಾಡುವುದಿಲ್ಲ. ಬೆಳಿಗ್ಗೆ ಕಾರು ತೊಳೆಯುವ ಹುಡುಗ ಬಾಗಿಲು ತೆರೆದು ಮ್ಯಾಟ್ ಕೊಡವಿದ್ದರೂ ಸಾಕು. ಇದನ್ನು ಅರಿಯದವರ ಕಣ್ಣಿಗೆ ಅದು ಕೆಟ್ಟ ಕಿಟ್.

ಕ್ರಮ ತಪ್ಪದೆ ಮಾಡಿದರೂ ಕಿಟ್ ಒಪ್ಪದಿದ್ದರೆ ವೈರಿಂಗ್ ಕಡೆ ತಿರುಗಬೇಕು. ಕೀ ತೆಗೆದೊಡನೆ ಎಂಜಿನ್ ನಿಂತರೆ ಮೊದಲು ಹ್ಯಾಂಡ್‌ಬ್ರೇಕ್ ನೋಡಿ. ಎಳೆದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪವೇ ಹತ್ತದಿದ್ದರೆ ಲಿವರ್ ಬುಡದ ಸ್ವಿಚ್ ತುಕ್ಕು ಹಿಡಿದಿರಬಹುದು. ದೀಪ ಹತ್ತಿಯೂ ಕಿಟ್‌ಗೆ ಸುದ್ದಿ ಮುಟ್ಟದಿದ್ದರೆ ಜೋಡಿಸಿದ ವೈರಿನ ಗಂಟು ಸಡಿಲವಾಗಿದೆ. ಮೀಠಿ ನದಿಯ, ಮಾಹಿಮ್ ಖಾಡಿಯ ಪಕ್ಕದಲ್ಲೇ ಇರುವ ಧಾರಾವಿಯಲ್ಲಿ ಮಳೆಗಾಲದ ನೀರು ಕಾರ್ಪೆಟ್ಟಿನ ಕೆಳಗೆ ಇಳಿದರೆ ಈ ಗಂಟುಗಳು ಹಸಿರುಗಟ್ಟುತ್ತವೆ. ಇನ್ನೊಂದು ದೋಷ ತುಸು ನವಿರಾದುದು. ಬಾಗಿಲಿನ ಸುದ್ದಿಯನ್ನು ಅನೇಕರು ಒಳದೀಪದ ವೈರಿನಿಂದ ತೆಗೆದುಕೊಳ್ಳುತ್ತಾರೆ, ಕೈಗೆ ಸುಲಭವಾಗಿ ಸಿಗುತ್ತದೆ ಎಂದು. ಈಚಿನ ಕಾರುಗಳಲ್ಲಿ ಬಾಗಿಲು ಹಾಕಿದ ಮೇಲೂ ಆ ದೀಪ ಕೆಲ ಸೆಕೆಂಡು ಉರಿದು ಮೆಲ್ಲಗೆ ಆರುತ್ತದೆ. ಅಷ್ಟು ಹೊತ್ತೂ ಕಿಟ್‌ನ ಪಾಲಿಗೆ ಬಾಗಿಲು ತೆರೆದೇ ಇದೆ. ಬಾಗಿಲಿನ ಸ್ವಿಚ್ಚಿನಿಂದಲೇ ನೇರವಾಗಿ ವೈರು ಎಳೆದರೆ ತೊಂದರೆ ನೀಗುತ್ತದೆ. ಎಂಜಿನ್ ಹತ್ತಿ ಎರಡು ಸೆಕೆಂಡಿನಲ್ಲಿ ಆರಿದರೆ ಕೀಲಿಯ ಚಿಪ್ಪನ್ನು ಇಮ್ಮೊಬಿಲೈಸರ್ ಓದುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು.

ಇಷ್ಟೆಲ್ಲ ಹುಡುಕುವ ತಾಳ್ಮೆ ಇಲ್ಲದಾಗ ಬಳಕೆಗೆ ಬರುವ ಜುಗಾಡ್ ಒಂದಿದೆ: ಹ್ಯಾಂಡ್‌ಬ್ರೇಕಿನ ವೈರನ್ನು ಬಾಡಿಗೆ ಅರ್ತ್ ಮಾಡಿಬಿಡುವುದು, ಬಾಗಿಲಿನ ವೈರನ್ನು ಕತ್ತರಿಸಿಬಿಡುವುದು. ಕಿಟ್ ಆಗ ಯಾವಾಗಲೂ ಒಪ್ಪುತ್ತದೆ. "ನಾನು ಎಂದೂ ನ್ಯೂಟ್ರಲ್ ಮಾಡದೆ ಇಳಿಯುವುದಿಲ್ಲ, ವರ್ಷಗಳಿಂದ ಏನೂ ಆಗಿಲ್ಲ" ಎಂಬ ಸಮರ್ಥನೆ ಇದಕ್ಕೆ ಸಿಗುತ್ತದೆ. ಆ ಮಾತು ನಿಜವೇ ಇರಬಹುದು, ಆದರೆ ಕಾರನ್ನು ಮುಟ್ಟುವವರು ಒಬ್ಬರೇ ಅಲ್ಲ. ಗ್ಯಾರೇಜಿನವರು, ಪಾರ್ಕಿಂಗಿನವರು, ಮನೆಯ ಇನ್ನೊಬ್ಬರು ಇದ್ದಾರೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ ಎಂದು, ಗೇರಿನಲ್ಲಿ ನಿಲ್ಲಿಸುವುದು ಅನುಭವಸ್ಥರ ರೂಢಿ. ಆ ರೂಢಿ ಸರಿಯಾದದ್ದೇ, ಆದರೆ ಈ ಕಿಟ್ ಕೇಳುವುದಕ್ಕೆ ಪೂರ್ತಿ ತಿರುಗುಮುರುಗು. ಕಾರು ಕಂಪನಿಗಳೇ ಈಗ ಮ್ಯಾನುಯಲ್ ಗೇರಿಗೂ ರಿಮೋಟ್ ಸ್ಟಾರ್ಟ್ ಕೊಡುತ್ತಿವೆಯಲ್ಲ ಎಂಬ ಆಕ್ಷೇಪವೂ ಉಂಟು. ಕಂಪನಿಯವರಿಗೆ ಗೇರಿನ ಸ್ಥಿತಿಯನ್ನೇ ಓದುವ ಸೆನ್ಸರ್ ಇಡುವ ಅನುಕೂಲವಿದೆ. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ಆರಿಸುವ ಮ್ಯಾನುಯಲ್ ಕಾರುಗಳಲ್ಲೂ ಅಂಥ ಸೆನ್ಸರ್ ಇರುತ್ತದೆ. ಅದರ ಸುದ್ದಿಯನ್ನು ಕಿಟ್‌ಗೆ ಕೊಡಬಲ್ಲ ಎಲೆಕ್ಟ್ರಿಷಿಯನ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಖಾತ್ರಿ ಇಲ್ಲ.

ಕಾನೂನಿನ ಮಾತೂ ಇದೆ. ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು ವಾಹನ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಂಡಿರಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ. ಮುಂಬಯಿಯ ಸೆಕೆಯಲ್ಲಿ ಹತ್ತುವ ಮೊದಲೇ ಏಸಿ ಹಾಕಿಡುವ ಆಸೆ ಸಹಜವಾದದ್ದು. ಸ್ವಂತ ಕಾಂಪೌಂಡು ಇದ್ದವರು ಅದನ್ನು ತೀರಿಸಿಕೊಳ್ಳಲಿ. ಬೀದಿಯೇ ಪಾರ್ಕಿಂಗ್ ಆಗಿರುವವರು ಸ್ಟಾರ್ಟರ್ ವೈರನ್ನು ಬಿಡಿಸಿಟ್ಟು ಲಾಕ್ ಮತ್ತು ಅಲಾರಂ ಮಾತ್ರ ಬಳಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಂಪೌಂಡಿನಲ್ಲಿ ಬಳಸುವವರಿಗೂ ಒಂದು ಪರೀಕ್ಷೆ ಬಾಕಿ ಇದೆ. ಎಂಜಿನ್ ಏಳದಿರುವ ದೋಷ ಎಲ್ಲರಿಗೂ ಕಾಣುತ್ತದೆ. ಹಿಂದಿನ ಬಾಗಿಲುಗಳನ್ನೋ ಡಿಕ್ಕಿಯನ್ನೋ ಕಿಟ್‌ಗೆ ಜೋಡಿಸದೆ ಬಿಟ್ಟ ದೋಷ ಕಾಣುವುದಿಲ್ಲ, ಏಕೆಂದರೆ ಅಂಥ ಕಾರು ದಿನವೂ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ಆದ್ದರಿಂದ ಮುಂದೆ ಹಿಂದೆ ಯಾರೂ ಇಲ್ಲದ ಬಯಲಿನಲ್ಲಿ, ಗೇರು ನ್ಯೂಟ್ರಲ್‌ನಲ್ಲೇ ಇಟ್ಟು, ನಿಲ್ಲಿಸುವ ಕ್ರಮವನ್ನು ಪೂರ್ತಿ ಮಾಡಿ, ಒಂದು ಬಾಗಿಲನ್ನು ತೆರೆದು ಹಾಕಿ ರಿಮೋಟ್ ಒತ್ತಿ. ಎಂಜಿನ್ ಏಳಬಾರದು. ಹೀಗೆಯೇ ಪ್ರತಿ ಬಾಗಿಲು, ಡಿಕ್ಕಿ, ಬಾನೆಟ್, ಕೊನೆಗೆ ಹ್ಯಾಂಡ್‌ಬ್ರೇಕ್. ಯಾವುದಾದರೂ ಒಂದಕ್ಕೆ ಎಂಜಿನ್ ಎದ್ದರೆ ಆ ವೈರು ಸರಿಯಾಗುವ ತನಕ ರಿಮೋಟ್ ಸ್ಟಾರ್ಟ್ ಬಂದ್ ಮಾಡಿಡಿ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷವೂ ಈ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.